ಸಾರಿಗೆ ಬೆರೆಸುವ ಪುಡಿ, ಕಾಫಿಗೆ ಹಾಕುವ ಮಾತ್ರೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು, ಊರು ತೆಗೆದಿದ್ದೇನೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ನಾನು ಯಾರು ಎಂದು ಕೇಳಿದವರಿಗೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಮನೋವೈದ್ಯ. ಉಳಿದ ದಿನ ಜಿಲ್ಲಾಸ್ಪತ್ರೆ, ಮಂಗಳವಾರ ತಾಲೂಕು ಆಸ್ಪತ್ರೆ.

ಪ್ರಶ್ನೆ: ನಮ್ಮ ಯಜಮಾನರು ಹದಿನಾರು ವರ್ಷದಿಂದ ಕುಡಿಯುತ್ತಾರೆ. ಮೊದಲು ಸಂಜೆ ಮಾತ್ರ ಇತ್ತು. ಈಗ ಎದ್ದ ಕೂಡಲೇ ಒಂದು ನೈಂಟಿ ಬೇಕು. ಇಲ್ಲದಿದ್ದರೆ ಕೈ ನಡುಗುತ್ತದೆ, ಚಹಾ ಲೋಟ ಹಿಡಿಯೋಕೂ ಆಗಲ್ಲ. ಆಸ್ಪತ್ರೆಗೆ ಕರೆದರೆ ‘ನಾನೇನು ಹುಚ್ಚನಾ’ ಅಂತಾರೆ. ನಾದಿನಿ ಒಂದು ಪುಡಿ ತಂದುಕೊಟ್ಟಿದ್ದಾಳೆ. ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕೊಟ್ಟರೆ ಹದಿನೈದು ದಿನದಲ್ಲಿ ಕುಡಿತ ಬಿಡ್ತಾರಂತೆ. ಕೊಡಬಹುದಾ? ಹೋದ ದಸರಾದಲ್ಲಿ ದೇವರ ಮುಂದೆ ಆಣೆ ಮಾಡಿ ಒಂದೇ ಸಲಕ್ಕೆ ಬಿಟ್ಟಿದ್ದರು. ಮೂರನೇ ದಿನ ರಾತ್ರಿಯೆಲ್ಲ ಗೋಡೆ ಮೇಲೆ ಇರುವೆ ಹರಿದಾಡ್ತಿವೆ ಅಂತ ಒರೆಸುತ್ತಾ ಕೂತರು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆವು. ಮತ್ತೆ ಕುಡಿದ ಮೇಲೆ ಸರಿಹೋದರು.

ಉತ್ತರ: ಪುಡಿ ಕೊಡಬೇಡಿ. ಕಾರಣ ಹೇಳ್ತೀನಿ, ಯಾಕಂದರೆ ಈ ಪುಡಿ ನಮ್ಮ ಕಡೆ ಅರ್ಧ ಊರಿನ ಅಡುಗೆಮನೆಯಲ್ಲಿದೆ.

ಇಂಥ ಪೊಟ್ಟಣದಲ್ಲಿ ಏನಿದೆ ಎಂದು ನೋಡಿದ ತಕ್ಷಣ ಹೇಳೋಕೆ ಆಗಲ್ಲ. ಸುಮ್ನೆ ಯಾವುದೋ ಬೇರಿನ ಪುಡಿ ಇರಬಹುದು. ಇಲ್ಲವೇ ಡೈಸಲ್ಫಿರಾಮ್ ಮಾತ್ರೆಯನ್ನು ಅರೆದು ಹಾಕಿರಬಹುದು. ಎರಡನೆಯದಾದರೆ ಅಪಾಯ. ಡೈಸಲ್ಫಿರಾಮ್ ನಿಜವಾದ ಔಷಧಿಯೇ. ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಇದನ್ನು ಹೊಟ್ಟೆಹುಳಕ್ಕೆ ಔಷಧಿ ಆಗಬಹುದು ಎಂದು ತಾವೇ ನುಂಗಿ ನೋಡುತ್ತಿದ್ದರು. ಆ ದಿನಗಳಲ್ಲಿ ಸ್ವಲ್ಪ ಮದ್ಯ ಕುಡಿದರೂ ಮೈ ಕೆಟ್ಟಿತು. ಅಲ್ಲಿಂದ 1948ರಲ್ಲಿ ಇದು ಕುಡಿತದ ಔಷಧಿಯಾಯಿತು. ಹೊಟ್ಟೆಗೆ ಹೋದ ಮದ್ಯವನ್ನು ದೇಹ ಹಂತಹಂತವಾಗಿ ಕರಗಿಸುತ್ತದೆ. ಈ ಮಾತ್ರೆ ಮಧ್ಯದ ಒಂದು ಹಂತವನ್ನು ತಡೆಯುತ್ತದೆ, ಅರ್ಧ ಕರಗಿದ ವಿಷ ಮೈಯಲ್ಲೇ ನಿಲ್ಲುತ್ತದೆ. ಮುಖ ಕೆಂಪಾಗಿ ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪ್ರಭಾವ ಇರಬಹುದು.

ನಾವು ಇದನ್ನು ಕೊಡುವಾಗ ರೋಗಿಗೆ ಎಲ್ಲ ಬಿಡಿಸಿ ಹೇಳಿ, ರಕ್ತ ಪರೀಕ್ಷೆ ಮಾಡಿಸಿ, ಅವರು ಒಪ್ಪಿದ ಮೇಲೆ ಕೊಡುತ್ತೇವೆ. ಕುಡಿದರೆ ಏನಾಗುತ್ತದೆ ಎಂಬ ಭಯವೇ ಅಲ್ಲಿ ಅರ್ಧ ಔಷಧಿ. ಗೊತ್ತೇ ಇಲ್ಲದವರಿಗೆ ಆ ಭಯ ಎಲ್ಲಿಂದ ಬರಬೇಕು? ನಿಮ್ಮ ಯಜಮಾನರು ಊಟ ಮಾಡಿ, ಎಂದಿನಂತೆ ಹೊರಗೆ ಹೋಗಿ ಕ್ವಾರ್ಟರ್ ಹಾಕುತ್ತಾರೆ. ಬಿದ್ದಾಗ ಆಸ್ಪತ್ರೆಯವರಿಗೂ ಏನಾಯಿತೆಂದು ತಿಳಿಯುವುದಿಲ್ಲ. ಒಂದು ದಿನ ಪುಡಿಯ ಗುಟ್ಟು ರಟ್ಟಾದರೆ ನಿಮ್ಮ ಕೈಯ ಊಟವನ್ನೂ ನಂಬುವುದಿಲ್ಲ.

ಪುಡಿಗಿಂತ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಆ ದಸರಾದ ರಾತ್ರಿ. ಅದು ಗಾಳಿಯಲ್ಲ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಅಂಗಾತ ಬೀಳ್ತಾರಲ್ಲ, ಹಾಗೆ. ವರ್ಷಗಟ್ಟಲೆ ಮದ್ಯ ಮೆದುಳನ್ನು ಮಂದ ಮಾಡುವ ಕಡೆಗೆ ಎಳೆದಿದೆ. ಅದಕ್ಕೆ ಸರಿಯಾಗಿ ಮೆದುಳು ಎಚ್ಚರದ ಕಡೆಗೆ ಜಗ್ಗುತ್ತಾ ಬಂದಿದೆ. ಮದ್ಯ ಒಮ್ಮೆಲೇ ನಿಂತರೆ ಆ ಜಗ್ಗುವ ಶಕ್ತಿಗೆ ತಡೆಯೇ ಇಲ್ಲ. ಕೊನೆಯ ಗುಟುಕು ಆದ ಆರೇಳು ಗಂಟೆಗೇ ನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಬುದ್ಧಿಭ್ರಮೆ. ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ.

ನಮ್ಮ ವಾರ್ಡಿನಲ್ಲಿ ಒಬ್ಬ ರೈತರು ಮೂರನೇ ದಿನದ ರಾತ್ರಿ ಹಾಸಿಗೆಯ ಅಂಚಿನಲ್ಲಿ ಕೂತು, ಇಲ್ಲದ ಹಗ್ಗವನ್ನು ಹೊಸೆಯುತ್ತಿದ್ದರು. ಎರಡೂ ಅಂಗೈ ಸೇರಿಸಿ, ಉಗುಳು ಹಚ್ಚಿ, ತಿರುವಿ, ಎಳೆದು ನೋಡಿ ಮತ್ತೆ ತಿರುವುವುದು. ನರ್ಸ್ ಹತ್ತಿರ ಹೋದರೆ ‘ಎತ್ತು ಬಿಚ್ಚಿಕೊಂಡು ಹೋಗಿದೆ, ಕಟ್ಟಿ ಬಾರವ್ವ’ ಅಂದರು. ನಾಲ್ಕು ದಿನ ಕಳೆದ ಮೇಲೆ ಅವರಿಗೆ ಅದೊಂದೂ ನೆನಪಿರಲಿಲ್ಲ. ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸಿಕ್ಕರೆ ಹೆಚ್ಚಿನವರು ಕೆಲವೇ ದಿನದಲ್ಲಿ ಎದ್ದು ಕೂರುತ್ತಾರೆ. ಆಣೆ, ಮಾಲೆ, ಹಬ್ಬದ ನೆಪದಲ್ಲಿ ಕುಡಿತ ಬಿಡುವವರನ್ನು ನಾನು ಕಡಿಮೆ ಮಾಡಿ ಮಾತಾಡುವುದಿಲ್ಲ. ಮನಸ್ಸು ಗಟ್ಟಿಯಾಗಲು ಅದೂ ಒಂದು ದಾರಿ. ಆದರೆ ಬೆಳಗ್ಗೆ ಎದ್ದ ಕೂಡಲೇ ಕುಡಿಯುವವರು, ಹಿಂದೆ ಫಿಟ್ಸ್ ಅಥವಾ ಭ್ರಮೆ ಬಂದವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು. ಮದ್ಯವರ್ಜನ ಶಿಬಿರಕ್ಕೆ ಹೊರಟರೂ ಅಷ್ಟೇ, ಹಿಂದೆ ಆದದ್ದನ್ನು ಅಲ್ಲಿನವರಿಗೆ ಮೊದಲೇ ಹೇಳಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತೇವೆ? ಡಯಾಜೆಪಾಮ್ ಇಲ್ಲವೇ ಅದೇ ಗುಂಪಿನ ಇನ್ನೊಂದು ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸಿ, ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತೇವೆ. ಹಗ್ಗವನ್ನು ಮೆಲ್ಲಗೆ ಸಡಿಲ ಬಿಟ್ಟ ಹಾಗೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಇಲ್ಲಿ ಒಂದು ಮಾತು. ಕುಡಿದು ಸುಸ್ತಾದವರಿಗೆ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿದರೆ ಕುಡಿದದ್ದೆಲ್ಲ ತೊಳೆದು ಹೋಗುತ್ತದೆ ಎಂಬ ನಂಬಿಕೆ ಊರಲ್ಲಿದೆ. ತೊಳೆದು ಹೋಗಲ್ಲ. ಬಿ1 ಕಡಿಮೆ ಇರುವವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಡ್ರಿಪ್ ಹಾಕುವವರನ್ನು ‘ಥಯಮಿನ್ ಕೊಟ್ರಾ’ ಎಂದು ಕೇಳಿ. ಕೇಳಿದರೆ ತಪ್ಪಿಲ್ಲ. ನಡುಕ ನಿಂತ ಮೇಲೆ ಕುಡಿಯುವ ಆಸೆ ತಗ್ಗಿಸುವ ಬೇರೆ ಮಾತ್ರೆಗಳಿವೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂಥವು. ಯಾರಿಗೆ ಯಾವುದು ಎಂಬುದನ್ನು ಲಿವರ್, ಕಿಡ್ನಿ ನೋಡಿ ಹೇಳಬೇಕು.

‘ಅವರು ಬರೋದೇ ಇಲ್ಲವಲ್ಲ ಡಾಕ್ಟ್ರೇ’ ಅಂತೀರಿ. ಅವರು ಬರದಿದ್ದರೆ ನೀವು ಬನ್ನಿ. ಇದನ್ನು ಹೇಳಲೆಂದೇ ನಿಮ್ಮ ಪತ್ರವನ್ನು ಮೊದಲು ಇಟ್ಟೆ. ಕುಡಿಯುವವರ ಹೆಂಡತಿಯೋ ತಾಯಿಯೋ ಒಬ್ಬರೇ ಬಂದು ಚೀಟಿ ಮಾಡಿಸಿ ಕೂತರೆ ನಾವು ‘ರೋಗಿ ಎಲ್ಲಿ’ ಎಂದು ವಾಪಸ್ ಕಳಿಸುವುದಿಲ್ಲ. ಮನೆಯವರು ಮಾತಿನ ರೀತಿ ಬದಲಾಯಿಸಿದರೆ ಎಷ್ಟೋ ಜನ ಚಿಕಿತ್ಸೆಗೆ ಬರುತ್ತಾರೆ. ಅದಕ್ಕೇ ಒಂದು ಪದ್ಧತಿ ಇದೆ, ನಮ್ಮ ಸಮಾಜ ಕಾರ್ಯಕರ್ತರು ಕಲಿಸುತ್ತಾರೆ. ಕುಡಿದು ಬಂದಾಗ ಜಗಳ ಬೇಡ, ಬುದ್ಧಿಮಾತೂ ಬೇಡ, ಪಕ್ಕದ ಕೋಣೆಗೆ ಹೋಗಿ. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ ಮಾಡಿ, ಖುಷಿಯಾಯಿತು ಎಂದು ಬಾಯಿಬಿಟ್ಟು ಹೇಳಿ. ಅವರ ಸಾಲಕ್ಕೆ ನೀವು ಸುಳ್ಳು ಹೇಳುವುದನ್ನು ನಿಲ್ಲಿಸಿ. ಆಸ್ಪತ್ರೆಯ ಮಾತನ್ನು ಮೈ ಹಗುರ ಇರುವ ಹೊತ್ತಿನಲ್ಲಿ ತೆಗೆಯಿರಿ. ‘ಕುಡಿತ ಬಿಡಿಸೋಕೆ’ ಎನ್ನಬೇಡಿ. ‘ಕೈ ನಡುಗುತ್ತಲ್ಲ, ಅದನ್ನೊಂದು ತೋರಿಸೋಣ’ ಎನ್ನಿ. ಅದು ಸುಳ್ಳಲ್ಲ. ಕೈ ನಡುಗುವುದು ಅವರಿಗೂ ಬೇಡವಾಗಿದೆ.

ಹೊಡೆತ ಇದ್ದರೆ ಇಷ್ಟೆಲ್ಲ ತಾಳ್ಮೆಯ ಪಾಠ ನಿಮಗಲ್ಲ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಇನ್ನೊಂದು, ಹೊಲದ ಮನೆಯಾದರೆ ಕೀಟನಾಶಕದ ಡಬ್ಬಿ ಇವತ್ತೇ ಮನೆಯಿಂದ ಹೊರಗೆ ಹೋಗಲಿ. ಕುಡಿದ ಸಿಟ್ಟಿನ ಐದು ನಿಮಿಷದಲ್ಲಿ ಕೈಗೆ ಸಿಕ್ಕಿದ್ದು ಅದು ಎಂದು ಅಳುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಎಷ್ಟು ಕಡೆ ಸಾರಿಗೆ ಪುಡಿ ಬಿದ್ದಿದೆಯೋ!

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿರುವ ಅಮ್ಮನಿಗೆ ಆರು ವರ್ಷದಿಂದ ಅನುಮಾನದ ಕಾಯಿಲೆ. ಪಕ್ಕದ ಮನೆಯವರು ತನ್ನ ಬಗ್ಗೆ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸುತ್ತದೆ ಎನ್ನುತ್ತಾರೆ. ನಿಮ್ಹಾನ್ಸ್‌ನಲ್ಲಿ ತೋರಿಸಿ, ಮಾತ್ರೆಯಿಂದ ಗುಣ ಕಂಡಿತ್ತು. ಪ್ರತಿ ತಿಂಗಳು ಕರೆತರಲು ಆಗುತ್ತಿಲ್ಲ. ಅಪ್ಪ ಈಗ ಕಾಫಿಯಲ್ಲಿ ಮಾತ್ರೆ ಕರಗಿಸಿ ಕೊಡುತ್ತಿದ್ದಾರೆ. ಹತ್ತಿರದಲ್ಲಿ ಬೇರೆ ದಾರಿ ಇದೆಯಾ?

ಉತ್ತರ: ಇದೆ, ಮತ್ತು ಆ ದಾರಿ ಹುಟ್ಟಿದ್ದೇ ನಿಮ್ಮ ಅಪ್ಪನಂಥವರ ಕಷ್ಟದಿಂದ. ರೋಗಿಯೇ ಬೆಂಗಳೂರಿಗೆ ಬರಬೇಕು ಎಂದರೆ ಹೆಚ್ಚಿನವರು ಬರುವುದೇ ಇಲ್ಲ, ಬಂದವರು ಎರಡನೇ ಸಲ ಬರಲ್ಲ. ನಿಮ್ಹಾನ್ಸ್‌ನವರು ಇದನ್ನು 1970ರ ದಶಕದಲ್ಲೇ ಕಂಡುಕೊಂಡು, ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಗರಿಗಾಗಿ ಕೇಂದ್ರ ತೆರೆದರು. ಆಮೇಲೆ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಿಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. ದೊಡ್ಡ ಮನೋವೈದ್ಯರಿಲ್ಲದೆಯೂ ಒಂದು ಇಡೀ ಜಿಲ್ಲೆ ಇಷ್ಟು ಕೆಲಸ ಮಾಡಬಹುದು ಎಂದು ತೋರಿಸಿದ್ದು ಬಳ್ಳಾರಿ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ನನ್ನ ಸಂಬಳ ಬರುವುದೂ ಅದರಿಂದಲೇ!

ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಹೋಗಿ ನೋಡುತ್ತಾರೆ. ಒಂದು ಜಿಲ್ಲೆಗೆ ತಾಲೂಕು ಹಲವು, ಮಂಗಳವಾರ ತಿಂಗಳಿಗೆ ನಾಲ್ಕೇ. ಹಾಗಾಗಿ ನಿಮ್ಮ ತಾಲೂಕಿನ ಸರದಿ ಯಾವ ವಾರ ಎಂದು ಮೊದಲೇ ಕೇಳಿಕೊಳ್ಳಿ. ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ಬರುವಾಗ ನಿಮ್ಹಾನ್ಸ್‌ನ ಹಳೆಯ ಚೀಟಿ ತನ್ನಿ. ಚೀಟಿ ಇಲ್ಲದಿದ್ದರೆ ಖಾಲಿ ಸ್ಟ್ರಿಪ್ ಆದರೂ ಸಾಕು, ಬಿಸಾಡಬೇಡಿ. ‘ಬಿಳಿ ಗುಂಡನೆ ಮಾತ್ರೆ ಸಾರ್’ ಎಂದರೆ ನನಗೇನೂ ತಿಳಿಯುವುದಿಲ್ಲ. ಲೋಕದ ಮಾತ್ರೆಗಳಲ್ಲಿ ಮುಕ್ಕಾಲು ಬಿಳಿ, ಗುಂಡನೆ. ಮಾಮೂಲಿಯಾಗಿ ಬೇಕಾಗುವ ರಿಸ್ಪೆರಿಡೋನ್, ಒಲಾಂಜಪಿನ್‌ನಂಥವು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಒಮ್ಮೊಮ್ಮೆ ದಾಸ್ತಾನು ಮುಗಿದಿರುತ್ತದೆ, ಅದನ್ನು ಮುಚ್ಚಿಡಲಾರೆ. ಅದಕ್ಕೇ ಮನೆಯಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಬನ್ನಿ. ಜನ ಜಾಸ್ತಿ ಇರ್ತಾರೆ, ನಾನು ಕೊಡುವ ಸಮಯ ಕಡಿಮೆ. ಹೇಳಬೇಕಾದ್ದನ್ನು ಅಪ್ಪ ಒಂದು ಚೀಟಿಯಲ್ಲಿ ಬರೆದು ತಂದರೆ ಇಬ್ಬರಿಗೂ ಅನುಕೂಲ.

ಈಗ ಕಾಫಿಯ ವಿಷಯ. ಅಪ್ಪನ ಮೇಲೆ ಸಿಟ್ಟು ಮಾಡಬೇಡಿ, ಅವರು ದಣಿದಿದ್ದಾರೆ. ಆದರೆ ಯೋಚನೆ ಮಾಡಿ. ನಿಮ್ಮಮ್ಮನ ಕಾಯಿಲೆಯೇ ‘ನನಗೆ ಗೊತ್ತಾಗದ ಹಾಗೆ ಏನೋ ಮಾಡ್ತಿದ್ದಾರೆ’ ಎಂಬ ಅನುಮಾನ. ಕಾಫಿ ಕಹಿ ಎನಿಸಿದ ದಿನ ಅನುಮಾನ ನಿಜವೇ ಆಗಿಬಿಡುತ್ತದೆ! ಮಾತ್ರೆ ಯಾಕೆ ಬೇಡ ಎಂದು ಅಮ್ಮನನ್ನು ಯಾರಾದರೂ ಕೇಳಿದ್ದೀರಾ? ತುಂಬಾ ಸಲ ಉತ್ತರ ಸರಳವಾಗಿರುತ್ತದೆ. ಬೆಳಗ್ಗೆ ತಲೆ ಭಾರ, ಕೈ ನಡುಕ, ಬಾಯಲ್ಲಿ ಜೊಲ್ಲು, ಮೈ ದಪ್ಪ. ಇವೆಲ್ಲ ಮಾತ್ರೆಯ ಅಡ್ಡ ಪರಿಣಾಮಗಳೇ. ಡೋಸ್ ಇಳಿಸಬಹುದು, ಬೇರೆ ಮಾತ್ರೆ ನೋಡಬಹುದು. ದಿನಾ ನುಂಗುವುದೇ ಬೇಸರ ಎಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಇದೆ, ಅವರು ಒಪ್ಪಿದರೆ. ‘ಧ್ವನಿ ಸುಳ್ಳು’ ಎಂದು ವಾದಕ್ಕೆ ಇಳಿಯಬೇಡಿ. ‘ರಾತ್ರಿ ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ಮಾತ್ರೆ’ ಎಂದರೆ ಒಪ್ಪುವವರು ತುಂಬಾ ಜನ.

ಇನ್ನೂ ಒಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಮ್ಮನಿಗೆ ಅಂಗವೈಕಲ್ಯ ಇದೆ ಎಂದು ಪರೀಕ್ಷೆಯಲ್ಲಿ ಕಂಡರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಗುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಕೇಳಿ.

ಪ್ರಶ್ನೆ: ತಮ್ಮನಿಗೆ ಗಾಂಜಾ, ಕುಡಿತ ಎರಡೂ ಇದೆ. ಒಂದು ಖಾಸಗಿ ಕೇಂದ್ರದವರು ‘ನೀವು ವಿಳಾಸ ಕೊಡಿ ಸಾಕು, ರಾತ್ರಿ ಕಾರಿನಲ್ಲಿ ಬಂದು ಎತ್ತಿಕೊಂಡು ಹೋಗ್ತೀವಿ, ಮೂರು ತಿಂಗಳು ಫೋನು, ಭೇಟಿ ಏನೂ ಇಲ್ಲ’ ಎನ್ನುತ್ತಾರೆ. ದುಡ್ಡು ಮುಂಗಡ. ಒಪ್ಪಿಕೊಳ್ಳಲಾ?

ಉತ್ತರ: ಬೇಡ. ಎತ್ತಿಕೊಂಡು ಹೋಗಲು ತಮ್ಮ ಏನು ಸಿಲಿಂಡರಾ?

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಜಾರಿಗೆ ಬಂದದ್ದು 2018ರಲ್ಲಿ, ಮದ್ಯ ಮತ್ತು ಮಾದಕ ವಸ್ತುಗಳಿಂದ ಆಗುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ಅದರ ಪ್ರಕಾರ ಒಪ್ಪಿಗೆ ಇಲ್ಲದವರನ್ನು ದಾಖಲಿಸಲು ಗಟ್ಟಿ ಕಾರಣ ಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆ, ಬೇರೆಯವರ ಮೇಲೆ ಹಿಂಸೆ, ಇಲ್ಲವೇ ತನ್ನನ್ನು ನೋಡಿಕೊಳ್ಳಲೂ ಆಗದ ಸ್ಥಿತಿ. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಅಷ್ಟಾದರೂ ಮೊದಲ ಸಲ 30 ದಿನದವರೆಗೆ ಮಾತ್ರ. ಮುಂದುವರಿಸಬೇಕಾದರೆ ಮತ್ತೆ ಪರೀಕ್ಷೆ. ಒಳಗಿರುವವರಿಗೆ ಫೋನ್ ಮಾಡುವ, ಮನೆಯವರನ್ನು ಕಾಣುವ ಹಕ್ಕಿದೆ. ಸರಪಳಿ ಹಾಕುವುದು ಪೂರ್ತಿ ನಿಷೇಧ. ಕಾರಿನವರು ಹೇಳುವ ಪ್ಯಾಕೇಜಿನಲ್ಲಿ ಇದರಲ್ಲಿ ಯಾವುದೂ ಇಲ್ಲ.

ಯಾವುದೇ ಕೇಂದ್ರ ಇರಲಿ, ಮೂರು ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸ್ತೀರಾ? ರಾತ್ರಿ ಫಿಟ್ಸ್ ಬಂದರೆ ನೋಡುವ ವೈದ್ಯರು ಯಾರು? ನಾನು ಹೇಳದೆ ಬಂದರೆ ಒಳಗೆ ಬಿಡ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ. ಚೆನ್ನಾಗಿ ನಡೆಯುವ ಕೇಂದ್ರಗಳೂ ಇವೆ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ಅಲ್ಲಿಂದ ಬಂದ ಮೇಲಿನ ಮೊದಲ ಮೂರು ತಿಂಗಳು ಮನೆಯಲ್ಲೇ ಕಳೆಯಬೇಕು, ಅದೇ ಗೆಳೆಯರು, ಅದೇ ಬೀದಿ. ಆ ದಿನಗಳಿಗೆ ಯಾರು ಏನು ಮಾಡುತ್ತಾರೆ ಎಂದು ಕೇಳಿ ದುಡ್ಡು ಕಟ್ಟಿ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕ ಇಲ್ಲ, ಕನ್ನಡದಲ್ಲೂ ನಡೆಯುತ್ತವೆ. ಅಮಲು ಪದಾರ್ಥಗಳ ಬಗ್ಗೆ ಕೇಳಲು ರಾಷ್ಟ್ರೀಯ ಸಹಾಯವಾಣಿ 14446. ಮೊದಲು ತಮ್ಮನ ಹತ್ತಿರವೇ ಕೇಳಿ ನೋಡಿ. ಪತ್ರದಲ್ಲಿ ಆ ಪ್ರಯತ್ನದ ಸುದ್ದಿಯೇ ಇಲ್ಲವಲ್ಲ!

ಪ್ರಶ್ನೆ: ಬಿ.ಎಡ್ ಓದುತ್ತಿದ್ದೇನೆ. ಎರಡು ತಿಂಗಳಿಂದ ನಿದ್ದೆ ಇಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಯಾವುದೂ ಬೇಡ ಎನಿಸುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ನಮ್ಮೂರಿನವರು ನೋಡಿಬಿಟ್ಟರೆ? ದಾಖಲೆಯಲ್ಲಿ ಸೇರಿ ಮುಂದೆ ಕೆಲಸಕ್ಕೆ ತೊಂದರೆ ಆಗುತ್ತದಾ?

ಉತ್ತರ: ನಿಮ್ಮ ಕಾಯಿಲೆಯ ವಿವರವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಮಾತ್ರ ಬೇರೆ. ಕೆಲಸ ಕೊಡುವವರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೂ ನಾವು ಹೇಳುವುದಿಲ್ಲ.

ಇವತ್ತು ರಾತ್ರಿಯೇ ಮಾಡಬಹುದಾದ್ದು ಒಂದಿದೆ. 14416. ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಇಪ್ಪತ್ತನಾಲ್ಕು ಗಂಟೆ, ಕನ್ನಡದಲ್ಲಿ ಮಾತಾಡಬಹುದು. ‘ಯಾವುದೂ ಬೇಡ’ ಎಂದು ಬರೆದಿದ್ದೀರಿ. ಅದರಲ್ಲಿ ಬದುಕೂ ಸೇರಿದ್ದರೆ ಫೋನಿನಲ್ಲಿ ಅದನ್ನೇ ಮೊದಲು ಹೇಳಿ, ಮನೆಯಲ್ಲಿ ಒಬ್ಬರಿಗೂ ಹೇಳಿ. ಆ ಯೋಚನೆ ಜೋರಾಗಿದ್ದರೆ ಮಂಗಳವಾರಕ್ಕೆ ಕಾಯಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಈಗಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇನ್ನು ಊರಿನವರ ಕಣ್ಣು. ತಾಲೂಕು ಆಸ್ಪತ್ರೆಯಲ್ಲಿ ಜ್ವರಕ್ಕೂ ನಮಗೂ ಚೀಟಿ ಮಾಡಿಸುವ ಕಿಟಕಿ ಒಂದೇ. ನಾನು ಕೂರುವ ಕೋಣೆಯ ಪಕ್ಕದ್ದು ಕಣ್ಣಿನ ಡಾಕ್ಟರದ್ದು, ಹೊರಗಿನ ಬೆಂಚು ಇಬ್ಬರಿಗೂ ಸೇರಿದ್ದು. ಯಾರಾದರೂ ಕೇಳಿದರೆ ಕಣ್ಣು ತೋರಿಸೋಕೆ ಬಂದೆ ಅನ್ನಿ. ಇಷ್ಟು ಹೊತ್ತು ಗುಟ್ಟು ಬೇಡ ಅಂತ ಬರೆದವನೇ ನಾನು, ಆದರೂ ಮೊದಲ ಸಲ ಬರುವವರಿಗೆ ಅಷ್ಟು ಸುಳ್ಳಿಗೆ ಮಾಫಿ ಇದೆ. ಹತ್ತು ಗಂಟೆಗೆ ಮುಂಚೆ ಬನ್ನಿ, ಆಮೇಲೆ ಬೆಂಚಿನಲ್ಲಿ ಜಾಗ ಸಿಗಲ್ಲ.